ಬೆಟ್ಟದ ಮೇಲೆ ನೀರು ತುಂಬುವ ಹಬ್ಬ

ನಮ್ಮ ಕಟ್ಟಡದ ಎರಡನೇ ಮಹಡಿಯವರ ಜೊತೆ ನಾನು ಮಾತು ಬಿಟ್ಟು ಒಂದು ವರ್ಷವಾಯಿತು. ಲಿಫ್ಟಿನಲ್ಲಿ ಎದುರಾದರೆ ಅವರು ಮೊಬೈಲ್ ನೋಡುತ್ತಾರೆ, ನಾನು ಗೋಡೆಗೆ ಅಂಟಿಸಿದ ಲಿಫ್ಟಿನ ಸರ್ವಿಸ್ ಚೀಟಿ ಓದುತ್ತೇನೆ. ಆ ಚೀಟಿ ನನಗೀಗ ಬಾಯಿಪಾಠ. ಒಂದೇ ಊರ ಕಡೆಯವರು, ಒಂದೇ ಕಟ್ಟಡ, ಇಷ್ಟು ಹಟ ಒಳ್ಳೆಯದಲ್ಲ ಎಂದು ಹೆಂಡತಿ ಹೇಳುತ್ತಾಳೆ. ಅವಳು ಹೇಳುವುದು ಸರಿಯೇ ಇರಬಹುದು. ಆದರೆ ಅವರ ಮುಖ ಕಂಡ ಕೂಡಲೇ ನನ್ನ ಮೂಗಿಗೆ ಶಾಂಪೂ ವಾಸನೆ ಬಡಿಯುತ್ತದೆ, ಪಿತ್ತ ನೆತ್ತಿಗೇರುತ್ತದೆ.

ನಾನು ಮಸ್ಕತ್ತಿನ ವಾದಿ ಕಬೀರ್‌ನಲ್ಲಿ ಒಂದು ಗ್ಯಾರೇಜಿನ ಸೂಪರ್‌ವೈಸರ್. ಊರು ಉಡುಪಿಯ ಕಡೆ. ಕ್ಲಚ್ಚು, ಗೇರ್ ಬಾಕ್ಸು ನನ್ನ ಕೈಕೆಲಸ. ಜೊತೆಯ ಕೆಲಸದವರು ಬೆನ್ನ ಹಿಂದೆ ನನ್ನನ್ನು ‘ರೇಡಿಯೇಟರ್’ ಎಂದು ಕರೆಯುತ್ತಾರೆಂದು ನನಗೆ ಗೊತ್ತು. ಬೇಗ ಕುದಿಯುತ್ತೇನೆ, ಒಪ್ಪಿಕೊಳ್ಳುತ್ತೇನೆ. ಆದರೆ ಈ ವಿಷಯದಲ್ಲಿ ಕುದಿಯದೆ ಇರುವವನು ಮನುಷ್ಯನೇ ಅಲ್ಲ ಎಂದು ನನ್ನ ನಂಬಿಕೆ.

ಹತ್ತೊಂಬತ್ತು ವರ್ಷದ ಹಿಂದೆ ಒಬ್ಬ ಗಿರಾಕಿಯ ಪಿಕಪ್ ಬೆಟ್ಟದ ಮೇಲೆ ಕೆಟ್ಟು ನಿಂತಿದೆ ಎಂದು ಗ್ಯಾರೇಜಿನವರು ನನ್ನನ್ನು ಟ್ರಕ್ಕಿನಲ್ಲಿ ಕಳಿಸಿದರು. ರುಸ್ತಾಕ್ ದಾಟಿ, ಡಾಂಬರು ಮುಗಿದು, ಒಂದು ಕಡೆ ಗೋಡೆಯಂಥ ಕಲ್ಲು, ಇನ್ನೊಂದು ಕಡೆ ಏನೂ ಇಲ್ಲದ ದಾರಿಯಲ್ಲಿ ಜೀವ ಕೈಯಲ್ಲಿ ಹಿಡಿದು ಹತ್ತಿದೆ. ಮೇಲೆ ಒಬ್ಬರು ಮುದುಕರು ಪಿಕಪ್ಪಿನ ನೆರಳಲ್ಲಿ ಕೂತು, ಮೂರು ಆಡುಗಳ ಜೊತೆ ನನಗಾಗಿ ಕಾಯುತ್ತಿದ್ದರು. ಇಲ್ಲಿ ಮುದುಕರನ್ನು ಶೈಬಾ ಎನ್ನುತ್ತಾರೆ. ನಾನೂ ಹಾಗೇ ಕರೆದೆ, ಇವತ್ತಿಗೂ ಹಾಗೇ ಕರೆಯುತ್ತೇನೆ. ಕ್ಲಚ್ ಪ್ಲೇಟು ಸುಟ್ಟು ಹೋಗಿತ್ತು. ಬದಲಿಸಿ ಮುಗಿಸುವಾಗ ಸಂಜೆಯಾಯಿತು. ಕತ್ತಲಲ್ಲಿ ಆ ದಾರಿ ಇಳಿಯಬೇಡ ಎಂದು ಶೈಬಾ ನನ್ನ ಟ್ರಕ್ಕಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು. ಅವತ್ತು ನಾನು ಮೊದಲ ಸಲ ಆ ಮರಗಳ ಕೆಳಗೆ ಮಲಗಿದೆ.

ಓಮನ್ ಎಂದರೆ ಖರ್ಜೂರ, ಮುಳ್ಳುಜಾಲಿ ಎಂದು ತಿಳಿದವನು ನಾನು. ಅಲ್ಲಿ ನೋಡಿದರೆ ಇಬ್ಬರು ತಬ್ಬಿದರೂ ಕೈ ಸೇರದ ಮರಗಳು. ಪುಸ್ತಕದಲ್ಲಿ ಜುನಿಪರ್ ಎಂದು ಹೆಸರು, ಬೆಟ್ಟದವರ ಬಾಯಲ್ಲಿ ಅಲಲಾನ್. ಎತ್ತರ ಹೆಚ್ಚಿಲ್ಲ. ಕಾಂಡ ಮಾತ್ರ ಹಿಂಡಿ ಬಿಟ್ಟ ಒದ್ದೆ ಪಂಚೆಯ ಹಾಗೆ ತಿರುಚಿಕೊಂಡಿರುತ್ತದೆ. ಅರ್ಧ ಮರ ಸತ್ತು ಬೆಳ್ಳಗಾಗಿದ್ದರೆ ಉಳಿದರ್ಧದಲ್ಲಿ ಕಡು ಹಸಿರು, ಸಣ್ಣ ನೀಲಿ ಕಾಯಿ. ತೊಗಟೆಗೆ ಮೂಗಿಟ್ಟರೆ ಹೊಸ ಪೆನ್ಸಿಲ್ ಕೆತ್ತಿದ ವಾಸನೆ. ತಮ್ಮ ಅಜ್ಜನೂ ಇವನ್ನು ಇಷ್ಟೇ ದಪ್ಪ ಕಂಡಿದ್ದ ಎಂದು ಶೈಬಾ ಹೇಳಿದರು. ನಾನು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಮರಗಳ ನಡುವೆ ಒಂದು ಸಮತಟ್ಟು ಜಾಗ. ಗಾಳಿ ತಡೆಯಲು ಮೊಣಕಾಲೆತ್ತರ ಕಲ್ಲಿನ ಗೋಡೆ, ಬೆಂಕಿಗೆ ಒಂದು ಕಲ್ಲಿನ ಬಳೆ, ದೂರದಲ್ಲಿ ತಗಡು ನಿಲ್ಲಿಸಿ ಮಾಡಿದ ಗುಂಡಿ ಕಕ್ಕಸು. ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಕಲ್ಲುಕಟ್ಟೆಯ ಮೇಲೆ ಒಂದು ನೀಲಿ ಪ್ಲಾಸ್ಟಿಕ್ ಟ್ಯಾಂಕು. ಇಷ್ಟೇ. ಅವತ್ತಿನಿಂದ ಪ್ರತಿ ಚಳಿಗಾಲ ಎರಡು ಸಲವಾದರೂ ನಾನು, ಹೆಂಡತಿ, ಆಮೇಲೆ ಮಗಳು ಅಲ್ಲಿಗೆ ಹೋಗಿ ಟೆಂಟು ಹಾಕುತ್ತಿದ್ದೆವು. ಎರಡು ಕ್ಯಾನು ನೀರು ನಾವೇ ಒಯ್ಯುತ್ತಿದ್ದೆವು. ಮುಖಕ್ಕೆ ಒಂದು ಬೊಗಸೆ, ಅಡುಗೆಗೆ ಉಳಿದದ್ದು. ಸ್ನಾನವಿಲ್ಲದೆ ತಿಂಡಿ ತಿನ್ನಬೇಕಲ್ಲ ಎಂದು ಹೆಂಡತಿ ಪ್ರತಿ ಸಲ ಗೊಣಗುತ್ತಿದ್ದಳು.

ಈಗ ಸಸಿಗಳ ವಿಷಯ ಹೇಳಬೇಕು, ಯಾಕೆಂದರೆ ನನ್ನ ಸಿಟ್ಟೆಲ್ಲ ಅಲ್ಲಿದೆ. ಶೈಬಾ ತಮ್ಮ ಆಯುಷ್ಯದಲ್ಲಿ ಆ ಬೆಟ್ಟದಲ್ಲಿ ಒಂದೇ ಒಂದು ಅಲಲಾನ್ ತಾನಾಗಿ ಮೊಳೆತದ್ದನ್ನು ಕಂಡಿದ್ದರು. ಹಳೆ ಮರಗಳಿವೆ, ಬೀಜ ಬೀಳುತ್ತದೆ, ಆದರೆ ಮಳೆ ಇಲ್ಲ. ಬಂದ ಮೊಳಕೆಯನ್ನು ಆಡು ಬಿಡುವುದಿಲ್ಲ. ಒಂದು ಒಳ್ಳೆ ಮಳೆಯ ಚಳಿಗಾಲ ಕಳೆದ ಮೇಲೆ ದೊಡ್ಡ ಮರದ ಬುಡದ ಕಲ್ಲಿನ ಸೀಳಿನಲ್ಲಿ ಬೆರಳುದ್ದದ ಒಂದು ಸಸಿ ಕಂಡಿತಂತೆ. ಅದನ್ನು ಅವರು ‘ಅವ್ವಲ್’ ಎನ್ನುತ್ತಿದ್ದರು, ಅಂದರೆ ಮೊದಲನೆಯದು. ಸುತ್ತ ಕಲ್ಲಿನ ಕಟ್ಟೆ ಕಟ್ಟಿದರು. ಆಮೇಲೆ ಬೀಜ ಹಾಕಿ ಇನ್ನೂ ನಾಲ್ಕು ಎಬ್ಬಿಸಿದರು. ಆಡು ಮುಟ್ಟದಂತೆ ನಾನು ಗ್ಯಾರೇಜಿನಿಂದ ಹಳೆ ಫ್ಯಾನುಗಳ ಕಬ್ಬಿಣದ ಜಾಲರಿ ಒಯ್ದು ಐದಕ್ಕೂ ಮುಚ್ಚಿದೆ. ಕಾರಿನ ಗಾಜಿಗೆ ನೀರು ಚಿಮ್ಮಿಸುವ ತೆಳ್ಳನೆ ಟ್ಯೂಬುಗಳನ್ನು ತೊಳೆದು, ಜೋಡಿಸಿ, ಟ್ಯಾಂಕಿನಿಂದ ಐದು ಬುಡಕ್ಕೂ ಹನಿಹನಿಯಾಗಿ ನೀರು ಬೀಳುವ ಹಾಗೆ ಮಾಡಿಕೊಟ್ಟೆ. ಶೈಬಾಗೆ ಎಷ್ಟು ಖುಷಿಯಾಯಿತೆಂದರೆ, ಟ್ಯಾಂಕಿನ ಆಚೆ ಬದಿಯ ಒಂದು ಸಸಿಯನ್ನು ತೋರಿಸಿ, “ಹಾದಾ ಮಾಲ್ ಎಂತಾ,” ಇದು ನಿನ್ನದು, ಎಂದರು. ನನ್ನ ಹೆಸರಿಗೆ ಈ ದೇಶದಲ್ಲಿ ಒಂದು ರೂಮು ಕೂಡ ಇಲ್ಲ, ಎಲ್ಲ ವೀಸಾ ಕೊಟ್ಟ ಕಫೀಲನ ಸಹಿಯ ಮೇಲೆ ನಡೆಯುವ ಜೀವನ. ಒಂದು ಗಿಡ ನನ್ನದಾಯಿತು. ಒಂಬತ್ತು ವರ್ಷದಲ್ಲಿ ಅದು ಒಂದು ಗೇಣು ಬೆಳೆದಿತ್ತು.

ಆ ಟ್ಯಾಂಕಿಗೆ ನೀರು ತರುವುದು ಸುಲಭವಲ್ಲ. ಕೆಳಗಿನಿಂದ ಟ್ಯಾಂಕರು ಬರಬೇಕು. ದಾರಿ ನೋಡಿ ಡ್ರೈವರುಗಳು ಓಡಿಹೋಗುತ್ತಾರೆ. ಒಬ್ಬನೇ ಒಬ್ಬ ಬರುತ್ತಿದ್ದ, ಅವನೂ ತಿಂಗಳಿಗೊಮ್ಮೆ. ಬೇಸಿಗೆಯಿಡೀ ಆ ಐದು ಸಸಿ, ಶೈಬಾರ ಆಡುಗಳು, ಎಲ್ಲ ಆ ನೀಲಿ ಟ್ಯಾಂಕಿನ ಋಣದಲ್ಲಿ ಬದುಕುತ್ತಿದ್ದವು.

ಇಷ್ಟು ಗೊತ್ತಿದ್ದವನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಇರಲಿಲ್ಲ. ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಯಾರೋ ದುಬೈಯ ರೆಸಾರ್ಟಿನ ಫೋಟೋ ಹಾಕಿ ಜಂಬ ಕೊಚ್ಚಿದರು. ನಾನೂ ನನ್ನ ಜಾಗದ ಫೋಟೋ ಹಾಕಿದೆ. ಮರ, ಟೆಂಟು, ಹಿಂದೆ ನೀಲಿ ಟ್ಯಾಂಕು. ಅರ್ಧ ಗಂಟೆಯಲ್ಲಿ ಎರಡನೇ ಮಹಡಿಯವರು ಮೆಟ್ಟಿಲಿಳಿದು ನಮ್ಮ ಬಾಗಿಲಿಗೆ ಬಂದರು. ಅವರು ಒಂದು ಟ್ರೇಡಿಂಗ್ ಕಂಪನಿಯಲ್ಲಿ ಅಡ್ಮಿನ್. ಗಣೇಶ ಚೌತಿಯಿಂದ ಹಿಡಿದು ಮಕ್ಕಳ ಬರ್ತ್‌ಡೇವರೆಗೆ ನಮ್ಮಲ್ಲಿ ಎಲ್ಲವನ್ನೂ ಅರೇಂಜ್ ಮಾಡುವವರು ಅವರೇ.

“ಎಂತ ಮಾರಾಯ್ರೆ, ಇಂಥ ಜಾಗ ಉಂಟು ಅಂತ ಒಂದು ದಿನ ಹೇಳ್ಲಿಕ್ಕಿಲ್ವಾ? ಈ ಸಲ ದೀಪಾವಳಿ ವೀಕೆಂಡಿಗೇ ಬಿದ್ದಿದೆ. ಎಲ್ಲ ಅಲ್ಲೇ ಮಾಡುವ. ನೀವು ದಾರಿ ತೋರಿಸಿ ಸಾಕು, ಬಾಕಿ ನಾನು ಅರೇಂಜ್ ಮಾಡ್ತೇನೆ.”

ಇಲ್ಲ ಎನ್ನಬೇಕಿತ್ತು. ಆದರೆ ಹೊಗಳಿಕೆ ಯಾರಿಗೆ ಬೇಡ? ಒಂದು ವಾರ ಗ್ಯಾರೇಜಿನವನಾದ ನಾನು ಆ ಕಟ್ಟಡದಲ್ಲಿ ದೊಡ್ಡ ಮನುಷ್ಯನಾದೆ. ಶೈಬಾ ಕೆಳಗೆ ತಮ್ಮ ಹಳ್ಳಿಯ ಮನೆಯಲ್ಲಿರುವ ಹೊತ್ತು ನೋಡಿ ಫೋನು ಮಾಡಿದಾಗ, “ನಿಮ್ಮ ಈದಾ? ಬನ್ನಿ, ಬನ್ನಿ,” ಎಂದರು. ಗುಂಪಿಗೆ ನಾನು ನಿಯಮಗಳ ದೊಡ್ಡ ಪಟ್ಟಿಯನ್ನೇ ಹಾಕಿದೆ. ಮರದ ಒಂದು ಕಡ್ಡಿಯನ್ನೂ ಮುರಿಯಬಾರದು, ಒಣಗಿದಂತೆ ಕಂಡರೂ ಅದು ಒಣಗಿಲ್ಲ. ಬೆಂಕಿಗೆ ಸೌದೆ ನಾನೇ ತರುತ್ತೇನೆ. ಪಟಾಕಿ ಇಲ್ಲ. ಸ್ಪೀಕರ್ ಇಲ್ಲ. ಜಾಲರಿ ಮುಟ್ಟಬಾರದು. ಕಸ ವಾಪಸ್ ಒಯ್ಯಬೇಕು. ಪ್ರತಿ ಕಾರಿಗೆ ಎರಡು ಕ್ಯಾನು ನೀರು. ಎಲ್ಲರೂ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ಓದಿದವರು ಎಷ್ಟು ಮಂದಿಯೋ.

ಶುಕ್ರವಾರ ಬೆಳಿಗ್ಗೆ ಆರು ಕಾರು ಹೊರಟವು. ಅಲ್ ಮವಾಲೇಹ್‌ನ ಮಾರ್ಕೆಟ್ಟಿನಲ್ಲಿ ಚೆಂಡುಹೂ, ವೀಳ್ಯದೆಲೆ, ತೆಂಗಿನಕಾಯಿ ಎಂದು ಒಂದೂವರೆ ಗಂಟೆ ಹೋಯಿತು. ರುಸ್ತಾಕ್‌ನಲ್ಲಿ ಚಹಾ ಎಂದು ಇನ್ನೊಂದು ಗಂಟೆ. ದಾರಿಯ ತಿರುವಿನಲ್ಲಿ ಹೆಂಗಸರು ದೇವರ ನಾಮ ಹೇಳಿದರು, ಗಂಡಸರು ವಿಡಿಯೋ ತೆಗೆದರು. ಮೇಲೆ ತಲುಪಿ ಕಾರಿನ ಬಾಗಿಲು ತೆರೆದದ್ದೇ ತಡ, ಸ್ಪೀಕರ್ ಹೊರಬಂತು. ನಾನು ಹೋಗಿ ವಯರು ಕಿತ್ತೆ.

“ಅಪ್ಪಾ, ಪ್ಲೀಸ್, ಡೋಂಟ್ ಮೇಕ್ ಎ ಸೀನ್,” ಎಂದಳು ಹನ್ನೊಂದನೇ ಕ್ಲಾಸಿನ ಮಗಳು.

ಸೀನಂತೆ. ಆ ಮಧ್ಯಾಹ್ನವಿಡೀ ನಾನು ಪೊಲೀಸಿನವನ ಹಾಗೆ ಸುತ್ತಿದೆ. ಬಿಳಿ ಕೊಂಬೆಯ ಮೇಲೆ ಹತ್ತಿ ಫೋಟೋಕ್ಕೆ ನಿಂತವರನ್ನು ಇಳಿಸಿದೆ. ಮರಕ್ಕೆ ಮೊಳೆ ಹೊಡೆದು ಸೀರಿಯಲ್ ಲೈಟ್ ಕಟ್ಟಲು ಹೊರಟವನ ಕೈಯಿಂದ ಸುತ್ತಿಗೆ ಕಸಿದೆ. ಬೆಂಕಿ ನೆಲಕ್ಕೆ ತಾಗದಿರಲಿ ಎಂದು ಅರ್ಧ ಕತ್ತರಿಸಿದ ಡ್ರಮ್ಮು ತಂದಿದ್ದೆ. ಸ್ಪೇರ್ ಪಾರ್ಟ್ ಪೆಟ್ಟಿಗೆಗಳ ಹಲಗೆ ಒಂದು ಮೂಟೆ ತಂದಿದ್ದೆ. ಊರಲ್ಲಿ ನಾಗಬನದ ಒಂದು ಎಲೆ ಮುಟ್ಟಲು ಹೆದರುವ ಜನ ಇವರು. ಬನದ ಹತ್ತಿರ ಚಪ್ಪಲಿ ಹಾಕಿಕೊಂಡು ನಡೆಯುವುದಿಲ್ಲ. ಇಲ್ಲಿ ಅದಕ್ಕಿಂತ ಎಷ್ಟೋ ಹಳೆಯ ಮರಗಳಿಗೆ ಒರಗಿ ಬಾಟಲಿ ಮುಚ್ಚಳ ಎಸೆಯುತ್ತಿದ್ದರು. ಕಲ್ಲಿನ ಹೆಡೆ ಇಟ್ಟರೆ ಮಾತ್ರ ಇವರಿಗೆ ಅದು ಬನವೋ ಏನೋ.

ಸಂಜೆ ಎರಡನೇ ಮಹಡಿಯವರ ಕಾರಿನಿಂದ ಒಂದು ಭಾರಿ ಬಿರಿಯಾನಿ ಹಂಡೆ ಇಳಿಯಿತು. ಸಮಾರಂಭಕ್ಕೆ ಬಾಡಿಗೆ ಕೊಡುವಂಥದು, ಅದರೊಳಗೆ ಒಬ್ಬ ಮನುಷ್ಯ ಕೂರಬಹುದು.

“ಇದೆಂತಕ್ಕೆ?” ಎಂದೆ.

“ನೀರು ತುಂಬುವುದು ಬೇಡ್ವಾ ಮಾರಾಯ್ರೆ? ನಾಳೆ ಚತುರ್ದಶಿ. ಹಬ್ಬದ ದಿನ ಮೀಯದೆ ಇರ್ಲಿಕ್ಕೆ ಆಗ್ತದಾ?”

“ಅಷ್ಟು ನೀರು?”

“ನೀರಿನ ಮಂಡೆಬಿಸಿ ನಿಮಗೆ ಬೇಡ. ಅರೇಂಜ್ ಆಗಿದೆ.”

ಆರು ಕಾರು, ಹನ್ನೆರಡು ಕ್ಯಾನು ಎಂದು ನಾನು ಅಂದುಕೊಂಡೆ. ಆ ಹೊತ್ತಿಗೆ ಯಾರೋ ಜಾಲರಿಯ ಹತ್ತಿರ ಚೆಂಡಾಡುತ್ತಿದ್ದರು, ಬೈಯಲು ಆ ಕಡೆ ಓಡಿದೆ. ವಾಪಸ್ ಬರುವಾಗ ಹಂಡೆಯ ಕತ್ತಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು. ಸುಣ್ಣದ ಪಟ್ಟೆ ಎಳೆದಿದ್ದರು. ಹಂಡೆ ಆಗಲೇ ತುಂಬಿತ್ತು, ಹೆಂಗಸರು ಕೊನೆಯ ಒಂದೊಂದು ಚೊಂಬು ಹಾಕುತ್ತಿದ್ದರು, ಒಬ್ಬಳು ಸ್ಟೀಲ್ ತಟ್ಟೆಗೆ ಸೌಟಿನಿಂದ ಬಾರಿಸುತ್ತಿದ್ದಳು. ಹಂಡೆಗೆ ನೀರು ತುಂಬುವುದನ್ನು ನಾನು ಕೊನೆಯ ಸಲ ನೋಡಿದ್ದು ಮದುವೆಗೆ ಮೊದಲು. ವಾದಿ ಕಬೀರ್‌ನಲ್ಲಿ ಗೀಸರಿಗೆ ಕುಂಕುಮ ಹಚ್ಚುತ್ತೇವೆ, ಅಷ್ಟೇ. ದಿನದಲ್ಲಿ ಮೊದಲ ಸಲ ನಾನು ಯಾರನ್ನೂ ಬೈಯದೆ ಒಂದು ಕಲ್ಲಿನ ಮೇಲೆ ಕೂತೆ.

ಬೆಳಗಿನ ಜಾವ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಟೆಂಟಿನಿಂದ ತಲೆ ಹೊರಗೆ ಹಾಕಿದರೆ ಡ್ರಮ್ಮಿನಲ್ಲಿ ನನ್ನ ಹಲಗೆಗಳು ಉರಿಯುತ್ತಿದ್ದವು, ಮೇಲೆ ಹಂಡೆ, ಹಂಡೆಯಿಂದ ಹಬೆ. ಹೆಂಡತಿ ಬಟ್ಟಲಲ್ಲಿ ಎಣ್ಣೆ ಹಿಡಿದು ಕಾಯುತ್ತಿದ್ದಳು.

“ಬನ್ನಿ, ಎಣ್ಣೆ ಹಚ್ತೇನೆ. ಜಾಗದ ಯಜಮಾನ್ರು ನೀವೇ, ಫಸ್ಟ್ ನೀವೇ ಮೀಯ್ಬೇಕಂತೆ. ಎಲ್ಲ ಕಾಯ್ತಿದ್ದಾರೆ.”

ನೆತ್ತಿಗೆ ಎಣ್ಣೆ ತಟ್ಟಿಸಿಕೊಂಡೆ. ಎರಡನೇ ಮಹಡಿಯವರೇ ಬಕೆಟಿಗೆ ಬಿಸಿನೀರು ತೋಡಿ ಕೊಟ್ಟು, “ಎಲ್ಲಿ ನಿಲ್ಲುವುದು, ನೀವೇ ಹೇಳಿ,” ಎಂದರು. ದೊಡ್ಡ ಮರದ ಪಕ್ಕ ಚಪ್ಪಟೆ ಬಂಡೆಯೊಂದಿದೆ. ಕೆಸರಾಗುವುದಿಲ್ಲ, ಗಾಳಿಯೂ ಬಡಿಯುವುದಿಲ್ಲ. ಕೆಳಗೆ ಇಳಿಜಾರು. ಇಳಿಜಾರಿನ ಕೊನೆಗೆ ಅವ್ವಲ್‌ನ ಕಲ್ಲಿನ ಕಟ್ಟೆ. ನೀರು ದಂಡವಾಗುವುದಿಲ್ಲ, ಗಿಡದ ಬುಡಕ್ಕೆ ಹೋಗುತ್ತದೆ, ಊರಲ್ಲಿ ಬಚ್ಚಲ ನೀರು ಬಾಳೆಗೆ ಹೋದ ಹಾಗೆ ಎಂದು ನಾನು ಯೋಚಿಸಿದೆ. ಯೋಚಿಸಿ ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ಬಂಡೆ ತೋರಿಸಿದೆ. ಚಳಿಯಲ್ಲಿ ಬಿಸಿನೀರು ಬೆನ್ನ ಮೇಲೆ ಇಳಿದಾಗ, ಆ ಮರಗಳ ಮೇಲೆ ಬೆಳಕು ಹರಿಯುತ್ತಿದ್ದಾಗ, ಇಂಥ ಸುಖ ಹದಿನೆಂಟು ವರ್ಷದಲ್ಲಿ ನನಗೆ ಸಿಕ್ಕಿರಲಿಲ್ಲ. ಎರಡನೇ ಬಕೆಟ್ ಕೇಳಿ ಹಾಕಿಸಿಕೊಂಡೆ.

ಆಮೇಲೆ ಬಂಡೆಯ ಸುತ್ತ ಟಾರ್ಪಾಲು ಕಟ್ಟಿದರು. ಒಬ್ಬರ ಹಿಂದೆ ಒಬ್ಬರು ಮಿಂದರು. ಹಂಡೆ ಖಾಲಿಯಾದಂತೆ ಮತ್ತೆ ತುಂಬಿದರು, ಮತ್ತೆ ಕಾಯಿಸಿದರು. ನಾನು ಒಗ್ಗರಣೆ ಅವಲಕ್ಕಿ ತಿಂದು ಬಿಸಿಲಿಗೆ ಕೂತು ತೂಕಡಿಸಿದೆ.

“ಅಪ್ಪಾ,” ಮಗಳು ಭುಜ ಅಲುಗಿಸಿದಳು. “ನಿಮ್ಮ ಟ್ರೀಗೆ ಡ್ರಿಪ್ ಬರ್ತಾ ಇಲ್ಲ. ಇಟ್ಸ್ ಡ್ರೈ.”

ಎದ್ದು ನೋಡಿದೆ. ಟ್ಯೂಬಿನ ತುದಿಯಲ್ಲಿ ಹನಿ ಇಲ್ಲ. ಊದಿದೆ, ಗಾಳಿ ಸರಾಗ ಹೋಯಿತು. ಟ್ಯಾಂಕಿಗೆ ಗುದ್ದಿದೆ, ಖಾಲಿ ಡಬ್ಬದ ಸದ್ದು ಬಂತು. ಮುಚ್ಚಳ ತೆಗೆದು ಒಳಗೆ ನೋಡಿದರೆ ತಳದಲ್ಲಿ ನಾಲ್ಕು ಬೆರಳು ಮಣ್ಣು ನೀರು, ಅದರಲ್ಲಿ ಒಂದು ಚೆಂಡುಹೂ ತೇಲುತ್ತಿತ್ತು.

ಟಾರ್ಪಾಲಿನ ಕಡೆ ಓಡಿದೆ. ಅವ್ವಲ್‌ನ ಕಟ್ಟೆಯ ತುಂಬ ಬಿಳಿ ನೊರೆ. ಜಾಲರಿಯ ಮೇಲೂ ನೊರೆ. ಶಾಂಪೂ, ಸೋಪು, ಎಣ್ಣೆ ಎಲ್ಲ ಸೇರಿ ಮಲ್ಲಿಗೆಯ ಘಾಟು. ಸಾಲದ್ದಕ್ಕೆ ಆಗ ತಾನೇ ಇಬ್ಬರು ಹಂಡೆಯನ್ನು ಓರೆ ಮಾಡಿ ತಳದಲ್ಲಿ ಉಳಿದ ಕುದಿ ನೀರನ್ನು ಆ ಬಂಡೆಯ ಮೇಲಿಂದಲೇ ಸುರಿಯುತ್ತಿದ್ದರು. ನಾನು ಕೂಗುವಷ್ಟರಲ್ಲಿ ಅದು ಹಬೆಯಾಡುತ್ತ ಕಟ್ಟೆಗೆ ಇಳಿಯಿತು. ಸಸಿಯ ಒಂದು ಬದಿಯ ಹಸಿರು ನನ್ನ ಕಣ್ಣೆದುರು ಬೆಂದ ಸೊಪ್ಪಿನ ಬಣ್ಣಕ್ಕೆ ತಿರುಗಿತು.

ಮುಂದೆ ನಾನು ಆಡಿದ ಮಾತುಗಳನ್ನು ಬರೆಯಲಾರೆ. ತುಳುವಿನಲ್ಲಿ ಶುರುಮಾಡಿ ಹಿಂದಿಯಲ್ಲಿ ಮುಂದುವರಿಸಿದೆ. ಹೆಂಗಸರು ಮಕ್ಕಳನ್ನು ಕಾರಿನೊಳಗೆ ಕರೆದುಕೊಂಡರು.

“ಯಾರು ಹೇಳಿದ್ದು ಟ್ಯಾಂಕಿನ ನೀರು ಮುಟ್ಲಿಕ್ಕೆ? ಕ್ಯಾನು ಎಲ್ಲಿ? ಹನ್ನೆರಡು ಕ್ಯಾನು ಎಲ್ಲಿ?”

“ನಿಮ್ಮನ್ನು ಬಿಟ್ಟು ಕ್ಯಾನು ಯಾರೂ ತರ್ಲಿಲ್ಲ ಮಾರಾಯ್ರೆ,” ಎಂದರು ಎರಡನೇ ಮಹಡಿಯವರು, ಒದ್ದೆ ತಲೆ ಒರೆಸಿಕೊಳ್ಳುತ್ತ. “ಹಂಡೆ ಹಿಡೀಬೇಕಲ್ಲ, ಜಾಗ ಇರ್ಲಿಲ್ಲ. ಕುಡೀಲಿಕ್ಕೆ ಬಾಟ್ಲಿ ತಂದಿದ್ದೇವೆ. ನೀವೇ ಹಾಕಿದ ಫೋಟೋದಲ್ಲಿ ಟ್ಯಾಂಕ್ ಕಾಣ್ತದಲ್ಲ, ನೀರಿನ ವ್ಯವಸ್ಥೆ ಉಂಟು ಅಂತ ಎಣಿಸಿದೆ.”

“ಅದು ಗಿಡಕ್ಕೆ ಇಟ್ಟ ನೀರು!”

“ಗಿಡಕ್ಕೇ ಹೋಯ್ತಲ್ಲ! ಎಲ್ಲಿ ಹೋಯ್ತು ಮತ್ತೆ? ಊರಲ್ಲಿ ಬಚ್ಚಲ ನೀರು ತೆಂಗಿನ ಬುಡಕ್ಕೆ ಬಿಡುವುದಿಲ್ವಾ? ಹೋಗ್ಲಿ ಬಿಡಿ, ಒಂದು ಗಿಡಕ್ಕೆ ಇಷ್ಟು ಎಂತ? ಮವಾಲೇಹ್‌ನಲ್ಲಿ ನರ್ಸರಿ ಉಂಟು, ಹತ್ತು ತಂದು ಕೊಡುವ.”

ಹತ್ತು ತಂದು ಕೊಡುವರಂತೆ. ಒಬ್ಬ ಮನುಷ್ಯ ಎಪ್ಪತ್ತು ವರ್ಷ ಬೆಟ್ಟ ಸುತ್ತಿ ಕಂಡ ಒಂದೇ ಒಂದು ಮೊಳಕೆ ಅದು. ನಾನು ಅವರ ಕೈಯಿಂದ ಟವೆಲ್ ಕಿತ್ತು ನೆಲಕ್ಕೆಸೆದೆ. ಆಮೇಲೆ ನನ್ನ ಕ್ಯಾನಿನಲ್ಲಿ, ಅವರ ಬಾಟಲಿಗಳಲ್ಲಿ ಉಳಿದ ನೀರೆಲ್ಲ ತರಿಸಿ ಅವ್ವಲ್‌ನ ಬುಡಕ್ಕೆ ಸುರಿದೆ. ನೊರೆ ಇನ್ನಷ್ಟು ಎದ್ದಿತು.

ಆಗ ಪಿಕಪ್ಪಿನ ಸದ್ದು ಕೇಳಿಸಿತು. ಆ ಕ್ಲಚ್ಚಿನ ಸದ್ದು ನನಗೆ ಎಲ್ಲಿದ್ದರೂ ಗೊತ್ತಾಗುತ್ತದೆ. ಶೈಬಾ ಹೊಸ ಬಿಳಿ ನಿಲುವಂಗಿ, ದಿಶ್ದಾಶಾ ತೊಟ್ಟು ಇಳಿದರು. ಒಂದು ಕೈಯಲ್ಲಿ ಕಾಫಿಯ ಫ್ಲಾಸ್ಕು, ಇನ್ನೊಂದರಲ್ಲಿ ಹಲ್ವಾ ತುಂಬಿದ ಡಬ್ಬ. ನಮ್ಮ ಈದಿಗೆ ಬಂದಿದ್ದರು.

“ಈದ್ ಮುಬಾರಕ್,” ಎಂದರು ಎಲ್ಲರಿಗೂ ಕೇಳುವಂತೆ.

ನಾನು ಅವರನ್ನು ಮಾತಾಡಲು ಬಿಡಲಿಲ್ಲ. ನನಗೆ ಗೊತ್ತಿದ್ದ ಮುರುಕು ಅರಬಿಯಲ್ಲಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಈ ಜನ, ಈ ಜನ ನೀರು ಖಲಾಸ್ ಮಾಡಿದರು. ಸ್ನಾನ ಮಾಡಿದರು, ನಾನು ಮಲಗಿದ್ದಾಗ ಎಲ್ಲ ಮುಗಿಸಿದರು. ನನ್ನ ತಪ್ಪಿಲ್ಲ, ಇವರದು. ಬೆರಳಿನಿಂದ ಒಬ್ಬೊಬ್ಬರನ್ನೇ ತೋರಿಸಿದೆ.

ಶೈಬಾ ಫ್ಲಾಸ್ಕನ್ನು ಕಲ್ಲಿನ ಮೇಲಿಟ್ಟು ಅವ್ವಲ್‌ನ ಹತ್ತಿರ ಹೋದರು. ಹೊಸ ಬಟ್ಟೆಯಲ್ಲೇ ಒದ್ದೆ ನೆಲಕ್ಕೆ ಮಂಡಿಯೂರಿದರು. ಜಾಲರಿಯೊಳಗೆ ಕೈ ಹಾಕಿ ಒಂದು ಚಿಟಿಕೆ ಮಣ್ಣು ತೆಗೆದು ಮೂಸಿದರು.

“ಸಾಬೂನ್,” ಎಂದರು.

“ಅವರೇ,” ಎಂದೆ ನಾನು. “ಎಲ್ಲ ಅವರೇ.”

ಶೈಬಾ ಎದ್ದು ನನ್ನ ಎದುರು ನಿಂತರು. ನನ್ನ ತಲೆ ನೋಡಿದರು. ಕೂದಲು ಇನ್ನೂ ಒದ್ದೆ, ಎಣ್ಣೆ ಕಿವಿಯ ಹಿಂದೆ ಇಳಿಯುತ್ತಿತ್ತು, ಭುಜದ ಮೇಲೆ ಟವೆಲಿತ್ತು. ಅವರು ಕೈ ಚಾಚಿ ಆ ಟವೆಲಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

“ಎಂತಾ ಬಾದ್?” ಎಂದರು. ನೀನೂ?

ಆರು ಕಾರಿನ ಜನ ನೋಡುತ್ತಿದ್ದರು. ಎರಡನೇ ಮಹಡಿಯವರು ಮೂರು ಹೆಜ್ಜೆ ದೂರದಲ್ಲಿದ್ದರು. ಮೊದಲ ಬಕೆಟ್ ತೋಡಿ ಕೊಟ್ಟವರು ಅವರು, ಬಂಡೆ ತೋರಿಸಿದ್ದು ಯಾರೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರು ನೆಲ ನೋಡಿದರು.

“ಐವಾ,” ಎಂದೆ. ಹೌದು.

ಶೈಬಾ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಉಪಕಾರವಾಗುತ್ತಿತ್ತು. ಬೈಗುಳ ತಿಂದು, ತಿರುಗಿ ಬೈದು ನನಗೆ ಅಭ್ಯಾಸವಿದೆ. ಅವರು ಪಿಕಪ್ಪಿಗೆ ಹೋಗಿ ಆಡುಗಳಿಗೆಂದು ತಂದ ಕ್ಯಾನು ಇಳಿಸಿದರು. ಅದರಲ್ಲಿ ಅರ್ಧ ನೀರಿತ್ತು. ನಾನು ಓಡಿಹೋಗಿ, “ಅವ್ವಲ್‌ಗೆ, ಅವ್ವಲ್‌ಗೆ ಹಾಕಿ, ಸೋಪು ತೊಳೆದು ಹೋಗಲಿ,” ಎಂದೆ. ಅವರು ಅವ್ವಲ್‌ನ ಪಕ್ಕದಿಂದ ಹಾದು ಟ್ಯಾಂಕಿನ ಆಚೆ ಬದಿಗೆ ನಡೆದರು. ನನ್ನ ಸಸಿಯ ಬುಡಕ್ಕೆ ನಿಧಾನವಾಗಿ ಹೊಯ್ದರು. ಉಳಿದದ್ದನ್ನು ಮಿಕ್ಕ ಮೂರಕ್ಕೆ ಹಂಚಿದರು. ಬೆಂದ ಗಿಡ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಾಗಿತ್ತೋ, ಕೊಡುವುದಾದರೆ ಅತಿಥಿಗೆ ಮೊದಲು ಎಂಬ ಅವರ ಪದ್ಧತಿಯೋ, ನಾನು ಕೇಳಲಿಲ್ಲ.

ಆಮೇಲೆ ಅವರು ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ ಕಾಫಿ ಹೊಯ್ದರು. ಮೊದಲ ಬಟ್ಟಲು ನನಗೆ ಕೊಟ್ಟರು. ಎರಡನೇ ಮಹಡಿಯವರು ಹಲ್ವಾ ಚೆನ್ನಾಗಿದೆ ಎಂದರು, ಇನ್ನಷ್ಟು ಹಾಕಿಸಿಕೊಂಡರು. ಅದಕ್ಕೂ ನನಗೆ ಮೈ ಉರಿಯಿತು.

ಮುಂದಿನ ಆರು ಶುಕ್ರವಾರ ನಾನು ಕ್ಯಾನುಗಳನ್ನು ತುಂಬಿಕೊಂಡು ಒಬ್ಬನೇ ಬೆಟ್ಟ ಹತ್ತಿದೆ. ಟ್ಯಾಂಕರಿನವನ ಕಾಲು ಹಿಡಿದು ಒಂದು ಸಲ ಹೆಚ್ಚುವರಿ ನೀರು ಹೊಡೆಸಿದೆ. ಟ್ಯಾಂಕಿನ ನಲ್ಲಿಗೆ ಹಾಕಲು ಗ್ಯಾರೇಜಿನಿಂದ ಒಂದು ಒಳ್ಳೆ ಬೀಗ ಮಾಡಿಕೊಂಡು ಹೋಗಿದ್ದೆ. ಬಾಯಾರಿ ಬಂದವರು ಏನು ಮಾಡಬೇಕು ಎಂದು ಶೈಬಾ ಅದನ್ನು ವಾಪಸ್ ಕೊಟ್ಟರು. ಅವ್ವಲ್ ಮೊದಲು ಒಂದು ಬದಿ, ಆಮೇಲೆ ಇನ್ನೊಂದು ಬದಿ ಕಂದಾಯಿತು. ಐದನೇ ಶುಕ್ರವಾರ ಮುಟ್ಟಿದರೆ ಎಲೆ ಉದುರಿತು.

ಎರಡನೇ ಮಹಡಿಯವರು ಆ ದಿನ ತಿರುಗಿ ಹೇಳಬಹುದಿತ್ತು, ಫಸ್ಟ್ ಮಿಂದದ್ದು ನೀವೇ, ಬಂಡೆ ತೋರಿಸಿದ್ದು ನೀವೇ, ಎರಡು ಬಕೆಟ್ ನೀವೇ ಎಂದು. ಅಲ್ಲೂ ಹೇಳಲಿಲ್ಲ, ಕಟ್ಟಡದಲ್ಲೂ ಯಾರ ಹತ್ತಿರವೂ ಹೇಳಲಿಲ್ಲ. ಹೇಳಿದ್ದರೆ ಒಂದು ಜಗಳವಾಗಿ ಮುಗಿಯುತ್ತಿತ್ತು. ಲಿಫ್ಟಿನಲ್ಲಿ ಅವರ ಆ ಮೌನ ಕಂಡರೆ ನನಗೆ ಅವರ ಮೇಲೆ ಎಲ್ಲದಕ್ಕಿಂತ ಹೆಚ್ಚು ಸಿಟ್ಟು ಬರುತ್ತದೆ.

ಈ ವರ್ಷ ಹಬ್ಬಕ್ಕೆ ಮನೆಯಲ್ಲಿ ಗೀಸರಿಗೆ ಕುಂಕುಮ ಹಚ್ಚಿದರು. ನಾನು ಹಿಂದಿನ ದಿನವೇ ಕ್ಯಾನು ತುಂಬಿಕೊಂಡು ಬೆಟ್ಟಕ್ಕೆ ಹೋಗಿದ್ದೆ. ಅವ್ವಲ್‌ನ ಜಾಲರಿ ಇನ್ನೂ ಹಾಗೇ ಇದೆ, ಒಳಗೆ ಒಂದು ಕಂದು ಕಡ್ಡಿ. ಇದನ್ನು ತೆಗೆದುಬಿಡಲೇ ಎಂದು ಕೇಳಿದೆ. “ಖಲ್ಲೀ,” ಇರಲಿ ಬಿಡು, ಎಂದರು ಶೈಬಾ. ಆಮೇಲೆ ನನ್ನ ಕೈ ಹಿಡಿದು ಟ್ಯಾಂಕಿನ ಆಚೆ ಬದಿಗೆ ಕರೆದುಕೊಂಡು ಹೋಗಿ, ಜಾಲರಿಯ ಅಂಚಿನಿಂದ ಎತ್ತರ ಅಳೆದು ತೋರಿಸಿದರು. ನನ್ನದು ಎರಡು ಬೆರಳು ಬೆಳೆದಿದೆ.